ತುಟಿಗೆ ಸೋಕದ ವೈನು

ದೊಡ್ಡ ಮನುಷ್ಯರ ಕೋಪವನ್ನು ಹೇಗೋ ತಡೆದುಕೊಳ್ಳಬಹುದು. ನಾಲ್ಕು ದಿನ ತಲೆ ತಗ್ಗಿಸಿಕೊಂಡು, ಎದುರಿಗೆ ಸಿಗದಂತೆ ಸಂದಿಗೊಂದಿಯಲ್ಲಿ ಓಡಾಡಿಕೊಂಡಿದ್ದರೆ ಅದು ತಾನಾಗಿ ಆರಿಹೋಗುತ್ತದೆ. ಅವರ ಪ್ರೀತಿ ಹಾಗಲ್ಲ. ಅದು ಮನೆ ಬಾಗಿಲಿಗೇ ಬಂದು ಕೂತುಬಿಡುತ್ತದೆ. ಬೇಡ ಎನ್ನುವ ಹಾಗಿಲ್ಲ, ಎದ್ದು ಹೋಗು ಎನ್ನುವ ಹಾಗಂತೂ ಇಲ್ಲವೇ ಇಲ್ಲ. ಹಲ್ಲು ಕಿರಿದು, ಕೈ ಜೋಡಿಸಿ, "ಎಲ್ಲಾ ತಮ್ಮ ದಯ" ಎನ್ನಬೇಕು. ನಾನು ಬದುಕಿನಲ್ಲಿ ಅನೇಕರ ಕೋಪಕ್ಕೆ ಪಾತ್ರನಾಗಿದ್ದೇನೆ, ಅದರಿಂದ ನನಗೆ ಯಾವ ನಷ್ಟವೂ ಆಗಿಲ್ಲ. ಒಬ್ಬರ ಪ್ರೀತಿಗೆ ಮಾತ್ರ ಪಾತ್ರನಾದೆ, ಅವರು ಒಬ್ಬ ಬಿಳಿಯ ಇಂಜಿನಿಯರ್ ದೊರೆ. ಆ ಪ್ರೀತಿ ಕಡು ಹಸಿರು ಬಣ್ಣದ ಒಂದು ಸೀಸೆಯಾಗಿ, ಮೈತುಂಬ ಒಣಹುಲ್ಲು ಸುತ್ತಿಕೊಂಡು, ಮಧುಗಿರಿಯ ನಮ್ಮ ಮನೆಗೆ ಬಂದಿಳಿಯಿತು. ಒಳಗಿದ್ದದ್ದು ವೈನು.

ಇದು ಎಂಥ ಮನೆಗೆ ಬಂತು ಎಂಬುದು ಗೊತ್ತಾಗದಿದ್ದರೆ ನನ್ನ ಕಷ್ಟ ನಿಮಗೆ ತಿಳಿಯುವುದಿಲ್ಲ. ನಮ್ಮದು ಬೆಟ್ಟದ ತಪ್ಪಲಲ್ಲಿ ತಲೆತಲಾಂತರದಿಂದ ದಾಳಿಂಬೆ ತೋಟ ಮಾಡಿಕೊಂಡು ಬಂದ ಶಿವಭಕ್ತರ ಮನೆ. ಬೆಳಿಗ್ಗೆ ಹಣೆಗೆ ವಿಭೂತಿ ಬೀಳುವ ತನಕ ಬಾಯಿಗೆ ನೀರು ಬೀಳುವುದಿಲ್ಲ. ನಮ್ಮ ತಂದೆ ದೊಡ್ಡೇರಿಗೆ ಹೋಗಬೇಕಾದಾಗಲೆಲ್ಲ ಹೆಂಡದಂಗಡಿಯ ಮುಂದೆ ಹಾಯುವ ಗಾಡಿದಾರಿಯನ್ನು ಬಿಟ್ಟು, ಮುಳ್ಳು ತುಳಿಯುತ್ತ ಹೊಲಗಳ ಮೇಲೆ ಸುತ್ತಿ ಹೋಗುತ್ತಿದ್ದರು. ಆ ಸುತ್ತಿನಿಂದ ಅವರ ಮಂಡಿ ಸವೆದು ಹೋಯಿತು. ಅಂಗಡಿಯಲ್ಲಿ ಕೂತು ಕುಡಿಯುತ್ತಿದ್ದವರ ಮಂಡಿಗಳೆಲ್ಲ ಕೊನೆಯ ತನಕ ಗಟ್ಟಿಯಾಗಿದ್ದವು. ಆದರೆ ಇಂಥ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ.

ದೊರೆ ನಮ್ಮೂರಿಗೆ ಬಂದದ್ದು ಕೆರೆಯ ಕೆಲಸಕ್ಕೆ. ಏರಿ ಎತ್ತರಿಸಿ ಹೊಸ ಕಾಲುವೆಯೊಂದನ್ನು ತೆಗೆಯಬೇಕೆಂದು ಸರ್ಕಾರದ ಅಪ್ಪಣೆಯಾಗಿತ್ತು. ಆ ಕಾಲುವೆ ಮೇಲುಗಡೆಯಿಂದ ಬಂದರೆ ನನ್ನ ದಾಳಿಂಬೆ ತೋಟದ ಬೇಲಿ ಪಕ್ಕದಲ್ಲಿ ಹರಿಯುತ್ತದೆ. ಕೆಳಗಡೆಯಿಂದ ಹೋದರೆ ನನ್ನ ತೋಟಕ್ಕೆ ಅಂಟಿಕೊಂಡಂತೆ ತಗ್ಗಿನಲ್ಲಿರುವ ಪಟೇಲ್ ಹನುಮಂತೇಗೌಡರ ತೆಂಗಿನ ತೋಟಕ್ಕೆ ನುಗ್ಗುತ್ತದೆ. ನನಗಿದ್ದದ್ದು ಒಂದು ಬಾವಿ. ಬೇಸಿಗೆಯಲ್ಲಿ ಅದರ ತಳದಲ್ಲಿ ಕಪ್ಪೆಗಳು ಈಜುವುದನ್ನು ಬಿಟ್ಟು ನಡೆದಾಡುತ್ತಿದ್ದವು. ಗಿಡಗಳಿಗೆ ವಯಸ್ಸಾಗಿರಲಿಲ್ಲ, ಬಾವಿಗಾಗಿತ್ತು. ಕಾಲುವೆ ಬಂದರೆ ತೋಟ ಉಳಿಯಿತು, ಬಾರದಿದ್ದರೆ ನನ್ನ ಕಾಲಕ್ಕೇ ಮುಗಿಯಿತು ಎಂಬುದು ನನಗೆ ಚೆನ್ನಾಗಿ ತಿಳಿದಿತ್ತು. ಆದ್ದರಿಂದ ದೊರೆ ಬಂದು ಬಂಗಲೆಯಲ್ಲಿ ಇಳಿದುಕೊಂಡಾಗಲೆಲ್ಲ ಒಂದು ಬುಟ್ಟಿ ಒಳ್ಳೆಯ ಹಣ್ಣು ಆರಿಸಿ, ಮೇಲೆ ಬಾಳೆಲೆ ಮುಚ್ಚಿ, ನಾನೇ ಹೊತ್ತುಕೊಂಡು ಹೋಗುತ್ತಿದ್ದೆ. ಇದಕ್ಕೆ ಲಂಚ ಎಂದು ಹೆಸರಿಡಬೇಡಿ. ದೊಡ್ಡವರನ್ನು ಬರಿಗೈಯಲ್ಲಿ ನೋಡುವ ಪದ್ಧತಿ ನಮ್ಮಲ್ಲಿಲ್ಲ. ಪಟೇಲರಿಗೂ ಆ ಪದ್ಧತಿ ಗೊತ್ತಿತ್ತು. ಅವರು ಎಳನೀರಿನ ಗೊನೆ ಹೊರಿಸಿಕೊಂಡು ನನಗಿಂತ ಮುಂಚೆಯೇ ಹೋಗಿ ಬಂಗಲೆಯ ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ಒಬ್ಬರನ್ನೊಬ್ಬರು ನೋಡಿ ನಾವು ಬಹಳ ಸಂತೋಷ ಪಡುತ್ತಿದ್ದೆವು.

ದೊರೆಗಳ ದೇಶದಲ್ಲಿ ಮತ್ತೊಂದು ಪದ್ಧತಿ ಇರುವಂತೆ ಕಾಣುತ್ತದೆ, ಕೊಟ್ಟವರಿಗೆ ತಿರುಗಿ ಕೊಡದಿದ್ದರೆ ಅವರಿಗೆ ನಿದ್ದೆ ಬರುವುದಿಲ್ಲ. ಹೋದ ಸಲ ಪಟೇಲರಿಗೆ ಒಂದು ಬಿಸ್ಕತ್ತಿನ ಡಬ್ಬಿ ಸಿಕ್ಕಿತ್ತು. ಈ ಸಲ ನನ್ನ ಸರದಿ. ಸೀಸೆಯನ್ನು ತಂದುಕೊಟ್ಟವರು ಕೆರೆ ಕೆಲಸದ ಓವರ್ಸಿಯರ್ ನರಸಿಂಗರಾಯರು. ಮಾತಿನಲ್ಲಿ ಸಕ್ಕರೆಯನ್ನೂ ಮೆಣಸಿನಪುಡಿಯನ್ನೂ ಒಂದೇ ಚಮಚದಲ್ಲಿ ಹಾಕುವ ಮನುಷ್ಯ.

"ತಗೊಳ್ಳಿ ರುದ್ರಪ್ಪನವರೇ, ಪುಣ್ಯವಂತರು ನೀವು. ಹಡಗು ಹತ್ತಿ ಬಂದದ್ದು" ಎಂದರು.

"ಇದನ್ನ ನಾನೇನ್ ಮಾಡ್ಲಿ ರಾಯರೇ?"

"ಕುಡೀರಿ."

"ಶಿವ ಶಿವಾ!"

"ಹಾಗಾದರೆ ಕುಡಿಯಬೇಡಿ, ಯಾರು ಬಲವಂತ ಮಾಡಿದರು? ಆದರೆ ಯುಗಾದಿ ಕಳೆದ ಮೇಲೆ ದೊರೆ ಬರ್ತಾರೆ. ಹೇಗಿತ್ತು ಅಂತ ಖಂಡಿತ ಕೇಳ್ತಾರೆ. ಆ ಪಟೇಲರ ಕತೆ ಗೊತ್ತಲ್ಲ?"

ಗೊತ್ತಿಲ್ಲದೆ ಏನು! ಬಿಸ್ಕತ್ತಿಗೆ ಕೋಳಿಮೊಟ್ಟೆ ಹಾಕಿರುತ್ತಾರೆಂದು ಅವರ ಮುದಿತಾಯಿ ರಂಪ ಮಾಡಿ ಡಬ್ಬಿಯನ್ನು ತೆಗೆಯುವುದಕ್ಕೇ ಬಿಟ್ಟಿರಲಿಲ್ಲ. ದೊರೆ ಕೇಳಿದಾಗ ಪಟೇಲರು, "ಬಾಳ ಚೆನ್ನಾಗಿತ್ತು ಬುದ್ಧಿ, ಎಲ್ರೂ ನುಂಗ್ಬುಟ್ವಿ" ಎಂದರು. "ಉಪ್ಪಿನದೋ ಸಿಹಿಯದೋ?" ಎಂದು ದೊರೆ ಕೇಳಿದರು. ಪಟೇಲರು ಯೋಚನೆ ಮಾಡಿ, "ಎರಡೂ" ಎಂದರು. ದೊರೆಯ ಮುಖ ಹುಳ್ಳಗಾಯಿತು. ತನ್ನ ಉಡುಗೊರೆಯ ಬಗ್ಗೆ ಸುಳ್ಳು ಹೇಳುವವನನ್ನು ಆತ ಎರಡನೇ ಸಲ ನಂಬುವುದಿಲ್ಲ ಎಂದು ರಾಯರು ಹೇಳಿ, "ಇನ್ನು ನಿಮ್ಮಿಷ್ಟ. ಕಾಲುವೆ ವಿಷಯ ಏನೂ ತೀರ್ಮಾನ ಆದಂತಿಲ್ಲ" ಎಂದು ಕೊಡೆ ಬಿಚ್ಚಿಕೊಂಡು ಹೊರಟೇಬಿಟ್ಟರು. ಪಟೇಲರ ಮುಖಭಂಗದ ಕತೆಗೆ ಆವರೆಗೂ ನಾನು ಹೊಟ್ಟೆ ಹಿಡಿದು ನಗುತ್ತಿದ್ದೆ. ಅಂದಿನಿಂದ ನಗು ನಿಂತಿತು.

ಸೀಸೆಯನ್ನು ಎಲ್ಲಿಡುವುದು ಎಂಬುದು ಮೊದಲ ಪ್ರಶ್ನೆ. ನನ್ನ ಹೆಂಡತಿ ಗೌರಮ್ಮ ಹೊಸಿಲಿಗೆ ಅಡ್ಡ ನಿಂತು, "ಆ ಹಾಳು ಬ್ರಾಂದೀನ ಒಳಕ್ ತರಂಗಿಲ್ಲ ಕಣ್ರೀ" ಎಂದಳು. ಅವಳ ಲೆಕ್ಕದಲ್ಲಿ ಸೀಸೆಯೊಳಗೆ ಬರುವುದೆಲ್ಲ ಬ್ರಾಂದಿ. ಸೀಮೆಎಣ್ಣೆಗೆ ಮಾತ್ರ ರಿಯಾಯಿತಿ. ಅಡಿಗೆಮನೆಯ ಮಾತೇ ಇಲ್ಲ. ದೇವರ ಮನೆ ಎಂದು ನಾನು ಬಾಯಿ ತಪ್ಪಿ ಅಂದದ್ದಕ್ಕೇ ಕೆನ್ನೆ ಕೆನ್ನೆ ಬಡಿದುಕೊಂಡಳು. ಕಣಜದ ಕೋಣೆಯಲ್ಲಿ ರಾಗಿ ಇದೆ, ಅನ್ನಪೂರ್ಣೆ ಮುನಿದಾಳು. ಪಡಸಾಲೆಯಲ್ಲಿ ಹಿರಿಯರ ಪಟಗಳಿವೆ, ಅದರಲ್ಲೂ ಮಂಡಿ ಸವೆಸಿಕೊಂಡ ನಮ್ಮ ತಂದೆಯ ಪಟ. ಕೊಟ್ಟಿಗೆಯಾದರೂ ಆಗಬಹುದೇ ಎಂದರೆ, "ಬಸವಣ್ಣನ ಪಕ್ಕದಾಗಾ? ನಾಲ್ಗೆ ಹೆಂಗೆ ಬಂತು ನಿಮ್ಗೆ?" ಎಂದಳು. ಕೊನೆಗೆ ಹಿತ್ತಲಿನ ನುಗ್ಗೆ ಮರದ ಕೊಂಬೆಗೆ ಹಗ್ಗದ ನೆಲುವು ಕಟ್ಟಿ, ಅದರಲ್ಲಿ ಸೀಸೆಯನ್ನು ಕೂರಿಸಿದೆವು. ಮನೆಯ ಯಾವ ಮೂಲೆಯೂ ಮೈಲಿಗೆಯಾಗಲಿಲ್ಲ. ಆದರೆ ನಮ್ಮ ಹಿತ್ತಲಿಗಿರುವುದು ಸೊಂಟದೆತ್ತರದ ಮಣ್ಣುಗೋಡೆ, ಅದರಾಚೆ ಊರೆಲ್ಲ ಕೆರೆಗೆ ಹೋಗುವ ದಾರಿ. ಒಂದು ಸೀಸೆಯನ್ನು ಗುಟ್ಟಾಗಿಡುವುದಕ್ಕೆ ಇಡೀ ಮಧುಗಿರಿಯಲ್ಲಿ ಇದಕ್ಕಿಂತ ಪ್ರಶಸ್ತವಾದ ಜಾಗ ಸಿಕ್ಕುತ್ತಿರಲಿಲ್ಲ.

ನಾನು ಚಳಿಜ್ವರದಲ್ಲಿ ಮಲಗಿದ್ದಾಗ ತಿರುಗಿ ನೋಡದಿದ್ದ ಜನ ಈಗ ನನ್ನ ಕ್ಷೇಮ ವಿಚಾರಿಸಲು ಬರತೊಡಗಿದರು. ಬಂದವರು ಮುಂಬಾಗಿಲಿಗೆ ಬರದೆ ಹಿತ್ತಲ ಗೋಡೆಯ ಹತ್ತಿರವೇ ನಿಂತು, ನನ್ನ ಕಡೆ ತಿರುಗಿ ಮಾತಾಡುತ್ತ, ಮರದ ಕಡೆ ತಿರುಗಿ ಉಸಿರೆಳೆದುಕೊಳ್ಳುತ್ತಿದ್ದರು. ಪಾವಗಡದ ಕಡೆಯಿಂದ ಗೌರಮ್ಮನ ಸೋದರಮಾವ ಹಾಸಿಗೆ ಸುರುಳಿಯ ಸಮೇತ ಬಂದಿಳಿದರು. "ಏಮಪ್ಪಾ ಅಲ್ಲುಡೂ, ಏನ್ ಅಳಿಯಂದಿರೇ, ನಿಮ್ಮ ಮಖ ನೋಡಿ ಶಾನೆ ದಿನ ಆಯ್ತು ಅಂತ ಬಂದ್ಬುಟ್ಟೆ" ಎಂದರು. ನನ್ನ ಮುಖವನ್ನು ನೋಡಿದ್ದು ಅಷ್ಟೇ. ಮಿಕ್ಕ ಹೊತ್ತೆಲ್ಲ ನುಗ್ಗೆ ಮರದ ಕೆಳಗೆ ಹಾಸಿಗೆ ಹಾಕಿಸಿಕೊಂಡು, ನೆರಳು ಬಹಳ ತಂಪು ಎನ್ನುತ್ತಿದ್ದರು. ನುಗ್ಗೆ ಮರದ ನೆರಳು ಎಂಥದ್ದೆಂದು ಬಲ್ಲವರು ಬಲ್ಲರು. ಸೀಸೆ ಬಿಚ್ಚುವ ಲಕ್ಷಣ ಕಾಣದೆ ಅವರು ಬೇಸರಗೊಂಡು ಹೊರಟರು.

ಯುಗಾದಿ ಹತ್ತಿರವಾಗುತ್ತಿತ್ತು, ಬಾವಿ ಇಳಿಯುತ್ತಿತ್ತು. ಕುಡಿಯದೆ ಗತಿಯಿಲ್ಲ ಎಂದು ಗೌರಮ್ಮನಿಗೆ ಗಿಡಗಳ ಹೆಸರು ಹೇಳಿ, ಮಕ್ಕಳ ಹೆಸರು ಹೇಳಿ, ಕೊನೆಗೆ ದೇವರ ಹೆಸರೂ ಹೇಳಿ ಬೇಡಿಕೊಂಡೆ. ಅವಳು ಒಂದಿಡೀ ದಿನ ಮಾತು ಬಿಟ್ಟಳು. ಮಾರನೆಯ ಬೆಳಿಗ್ಗೆ ದೇವರ ಮುಂದೆ ನನ್ನನ್ನು ನಿಲ್ಲಿಸಿ, "ಅದು ನಿಮ್ಮ ತುಟಿಗೆ ಸೋಕಿದ್ರೆ ನನ್ ಒಲೆ ಮುಂದೆ ಬರಂಗಿಲ್ಲ. ಆಣೆ ಇಡ್ರಿ" ಎಂದಳು. ನಾನು ಕ್ಷಣ ಮಾತ್ರವೂ ಯೋಚಿಸದೆ, "ತುಟಿಗೆ ಸೋಕಿಸಲ್ಲ" ಎಂದು ಆಣೆ ಇಟ್ಟೆ. ನನ್ನ ಬುದ್ಧಿ ಆ ಹೊತ್ತಿನಲ್ಲಿ ಓಡಿದಂತೆ ತೋಟದ ವಿಷಯದಲ್ಲಿ ಎಂದಾದರೂ ಓಡಿದ್ದರೆ ನಾನು ಸಾಹುಕಾರನಾಗಿರುತ್ತಿದ್ದೆ. ನಮ್ಮ ಮನೆಗಳಲ್ಲಿ ಯಾರೂ ಚೊಂಬನ್ನು ಕಚ್ಚಿ ಕುಡಿಯುವುದಿಲ್ಲ, ಎಂಜಲಾಗುತ್ತದೆ. ತಲೆ ಹಿಂದಕ್ಕೆ ಚೆಲ್ಲಿ, ಚೊಂಬನ್ನು ಮೇಲಕ್ಕೆತ್ತಿ, ಧಾರೆಯಾಗಿ ಗಂಟಲಿಗೇ ಬಿಟ್ಟುಕೊಳ್ಳುತ್ತೇವೆ. ಹುಟ್ಟಿದಂದಿನಿಂದ ನೀರು, ಮಜ್ಜಿಗೆ, ಪಾನಕ ಯಾವುದೂ ನನ್ನ ತುಟಿಗೆ ಸೋಕಿದ್ದಿಲ್ಲ. ವೈನೇಕೆ ಸೋಕಬೇಕು?

ಆದರೂ ಕುಡಿಯುವ ಕ್ರಮವನ್ನು ಬಲ್ಲವರಿಂದ ಕಲಿಯುವುದು ಒಳ್ಳೆಯದೆಂದು ಸಿರಾಕ್ಕೆ ಹೋದೆ. ಕಳ್ಳಂಬೆಳ್ಳದ ಸಂತೆಗೆ ಹಣ್ಣಿನ ಗಾಡಿ ಹೊರಟಿತ್ತು, ಹತ್ತಿಕೊಂಡೆ. ಅಲ್ಲಿಂದ ಮುಂದಕ್ಕೆ ನಡೆದೆ. ಸಿರಾದ ಬುಡನ್ ಸಾಬರು ಬಂಗಲೆಗಳಲ್ಲಿ ಬಟ್ಲರ್ ಕೆಲಸ ಮಾಡಿ ಗಡ್ಡ ಬಿಳಿ ಮಾಡಿಕೊಂಡವರು. ನನ್ನ ಕಷ್ಟ ಕೇಳಿ ಅವರಿಗೆ ಹತ್ತು ವರ್ಷ ಕಡಿಮೆಯಾದಂತಾಯಿತು. ಖಾಲಿ ಲೋಟವೊಂದನ್ನು ಕೈಯಲ್ಲಿ ಹಿಡಿದು ಎದ್ದು ನಿಂತರು.

"ದೇಖೋ ಸಾವ್ಕಾರ್, ಜಲ್ದಿ ಮಾಡ್ಬಾರ್ದು. ಮೊದ್ಲು ಬೆಳಕಿಗೆ ಹಿಡ್ದು ಬಣ್ಣ ನೋಡ್ಬೇಕು. ಆಮೇಲೆ ಹಿಂಗೆ ಒಂದ್ಸಾರಿ ತಿರುಗ್ಸ್ಬೇಕು. ಆಮೇಲೆ ಮೂಗು ಒಳಗೆ ಬಿಡ್ಬೇಕು."

"ಲೋಟದೊಳಕ್ಕಾ?"

"ಪೂರಾ! ಆಮೇಲೆ ಚೂರೇ ಚೂರು ಬಾಯಿಗೆ ತಗೊಂಡು, ಈ ಕೆನ್ನೆಯಿಂದ ಆ ಕೆನ್ನೆಗೆ ಓಡಾಡ್ಸಿ, ಕಣ್ಣು ಮುಚ್ಚಿ, ಆಹಾ ಅನ್ಬೇಕು. ಆಮೇಲೆ ಮಾತಾಡ್ಬೇಕು."

"ಏನಂತ ಮಾತಾಡೋದು?"

"ಒಬ್ಬ ದೊರೆ ಹಳೇ ಚರ್ಮದ ವಾಸನೆ ಐತೆ ಅಂತಿದ್ರು. ಇನ್ನೊಬ್ಬರು ಒದ್ದೆ ಮಣ್ಣು ಅಂತಿದ್ರು. ಒಬ್ಬ ಮೇಮ್‌ಸಾಬ್ ಒಣ ಹುಲ್ಲು ಅಂತ ಅಂದಿದ್ರು. ಹಂಗಂದ್ರೆ ಬಹುತ್ ಖುಷ್."

ನಾನು ದಂಗಾಗಿ ಕೂತೆ. ಹಳೇ ಚರ್ಮ, ಒದ್ದೆ ಮಣ್ಣು, ಒಣ ಹುಲ್ಲು, ಇವು ಮೂರೂ ಎತ್ತು ಕಟ್ಟಿ ಚರ್ಮದ ಚೀಲದಲ್ಲಿ ನೀರೆಳೆಯುವ ನನ್ನ ಬಾವಿಯ ಕಪಿಲೆಯ ಹತ್ತಿರ ಯಾವ ಹೊತ್ತಿನಲ್ಲಿ ಹೋದರೂ ಪುಕ್ಕಟೆ ಸಿಕ್ಕುತ್ತವೆ. ಇಷ್ಟಕ್ಕೆ ಹಡಗು ಹತ್ತಿಸಿ ತರಿಸಬೇಕಾಗಿತ್ತೇ? "ಅದು ಸರಿ ಸಾಬರೇ, ನಿಮಗೆ ಹೆಂಗನ್ಸುತ್ತೆ ಅದರ ರುಚಿ?" ಎಂದೆ. ಸಾಬರು ಲೋಟ ಕೆಳಗಿಟ್ಟು ಎರಡು ಕಿವಿಯನ್ನೂ ಮುಟ್ಟಿಕೊಂಡರು. "ತೌಬಾ ತೌಬಾ! ನಾನು ಒಂದು ಹನಿ ಮುಟ್ಟಿಲ್ಲ ಸಾವ್ಕಾರ್. ನಮ್ದೂಕೆ ಹರಾಮ್" ಎಂದರು. ಹೀಗೆ ವೈನು ಕುಡಿಯದ ಗುರುವಿನಿಂದ ವೈನು ಕುಡಿಯಬಾರದ ಶಿಷ್ಯನು ವಿದ್ಯೆಯನ್ನು ಪೂರ್ತಿಯಾಗಿ ಕಲಿತು ಊರಿಗೆ ಹಿಂತಿರುಗಿದನು.

ಸೀಸೆಯ ಬಾಯಿಗೆ ಬಿರಡೆ ಜಡಿದಿತ್ತು. ದೊರೆ ಸೀಸೆ ಕೊಟ್ಟರೇ ಹೊರತು ಅದನ್ನು ತೆಗೆಯುವ ಉಪಾಯ ಕೊಟ್ಟಿರಲಿಲ್ಲ. ದಬ್ಬಣದಿಂದ ಮೀಟಿದೆ, ಕುಡುಗೋಲಿನ ತುದಿಯಿಂದ ಕೆದಕಿದೆ, ಕೊನೆಗೆ ಒನಕೆಯ ಹಿಂಬದಿಯಿಂದ ಒಂದು ಗುದ್ದು ಕೊಟ್ಟೆ. ಬಿರಡೆ ಹೊರಗೆ ಬರುವ ಬದಲು ಒಳಗೆ ಹೋಗಿ ತೇಲತೊಡಗಿತು. ಬಗ್ಗಿಸುವಾಗ ಬಣ್ಣ ನೋಡಿದೆ, ಕೆಂಪಗಿತ್ತು. ತಾಮ್ರದ ಚೊಂಬಿಗೆ ಬಿದ್ದ ಮೇಲೆ ಅದೂ ಕಾಣಿಸಲಿಲ್ಲ. ಮೂಗು ಬಿಟ್ಟೆ, ಬೇರೇನೂ ಅಲ್ಲ, ಚೊಂಬು ತೊಳೆದ ಹುಣಸೆಹಣ್ಣಿನ ವಾಸನೆ. ಗೌರಮ್ಮ ಅಡಿಗೆಮನೆಯ ಕಿಟಕಿಯಿಂದ ನನ್ನ ತುಟಿಯನ್ನೇ ನೋಡುತ್ತ ನಿಂತಿದ್ದಳು. ತಲೆ ಹಿಂದಕ್ಕೆ ಚೆಲ್ಲಿ ಧಾರೆ ಬಿಟ್ಟೆ. ಅದು ನಾಲಿಗೆಯನ್ನು ಕೇಳದೆ ನೆಟ್ಟಗೆ ಗಂಟಲಿಗೆ ಇಳಿದುಹೋಯಿತು. ಹುಟ್ಟಿದಂದಿನಿಂದ ಹಾಗೆ ಕುಡಿದು ರೂಢಿಯಾದ ಗಂಟಲು, ಬಿದ್ದದ್ದನ್ನು ಬಿದ್ದ ಹಾಗೇ ನುಂಗಿಬಿಡುತ್ತದೆ. ರುಚಿ ಏನೆಂದು ಒಂದಿಷ್ಟೂ ತಿಳಿಯಲಿಲ್ಲ. ಇನ್ನೊಂದು ಸಲ ಎತ್ತಿದೆ, ಅದೂ ಹೋಯಿತು. ಮತ್ತೊಂದು ಸಲಕ್ಕೆ ಗಂಟಲನ್ನು ಬಿಗಿ ಹಿಡಿದೆ, ವೈನು ಮೂಗಿನಿಂದ ಹೊರಟಿತು. ಹಾಗೆ ಕೆಮ್ಮಿ, ಸೀನಿ, ಕಣ್ಣೊರೆಸಿಕೊಂಡ ಮೇಲೆ ಬಾಯಲ್ಲಿ ಅಷ್ಟಿಷ್ಟು ಉಳಿದಿತ್ತಲ್ಲ, ಆಗ ಗೊತ್ತಾಯಿತು. ಒಗರು! ನಾಲಿಗೆಯನ್ನು ಕೆರೆದು ಹಾಕಿದಂಥ ಒಗರು. ಈ ರುಚಿಯನ್ನು ನಾನು ಎಲ್ಲೋ ಬಲ್ಲೆನಲ್ಲ ಎಂದು ಯೋಚಿಸಿದೆ. ಚಿಕ್ಕಂದಿನಲ್ಲಿ ಹೊಟ್ಟೆ ಕೆಟ್ಟು ಭೇದಿಯಾದಾಗ ನಮ್ಮವ್ವ ಮೂಗು ಹಿಡಿದು ಕುಡಿಸುತ್ತಿದ್ದ ದಾಳಿಂಬೆ ಸಿಪ್ಪೆಯ ಕಷಾಯ! ಅದೇ ಬಣ್ಣ, ಅದೇ ಒಗರು, ಕೊನೆಗೆ ಅದೇ ಮುಖ ಕಿವುಚುವಿಕೆ. ಹಣ್ಣು ನಾನು ಕೊಟ್ಟದ್ದು, ಸಿಪ್ಪೆಯ ಕಷಾಯ ಅವರು ಹಿಂದಕ್ಕೆ ಕೊಟ್ಟದ್ದು.

ಇಷ್ಟು ಯೋಚಿಸುವಷ್ಟರಲ್ಲಿ ತಲೆಯೊಳಗೆ ಒಂದು ತಂಗಾಳಿ ಬೀಸಿತು. ಪಟೇಲ್ ಹನುಮಂತೇಗೌಡರೂ ಒಳ್ಳೆಯ ಮನುಷ್ಯರೇ ಎನ್ನಿಸಿತು. ಆಗಲೇ ನನಗೆ ಅನುಮಾನ ಬರಬೇಕಾಗಿತ್ತು. ಕೊಟ್ಟಿಗೆಗೆ ಹೋಗಿ ಕರಿಯೆತ್ತಿಗೆ ಬಹುವಚನದಲ್ಲಿ ನಮಸ್ಕಾರ ಹೇಳಿ, ಕಾಲುವೆ ಯಾಕೆ ಮೇಲುಗಡೆಯಿಂದಲೇ ಬರಬೇಕೆಂಬುದನ್ನು ವಿವರವಾಗಿ ತಿಳಿಸಿದೆನಂತೆ. ಎತ್ತು ಒಪ್ಪಿಕೊಂಡಿತು. ಗೌರಮ್ಮ ಬಾಗಿಲಲ್ಲಿ ನಿಂತು, "ತುಟಿಗೆ ಸೋಕಿಸ್ಲಿಲ್ಲ ಅಂತೀರಿ. ಸರಿ, ನಾನೇ ನೋಡ್ದೆ. ಮತ್ತೆ ತಲೆಗೆ ಯಾವ ದಾರೀಲಿ ಹೋಯ್ತು?" ಎಂದಳು. ನಾನು ಹೋಗಿ ನಡುಮನೆಯಲ್ಲಿ ಮಲಗಿಬಿಟ್ಟೆ.

ದೊರೆ ಬಂದರು. ನಾನು ವಿಭೂತಿಯನ್ನು ಎಂದಿಗಿಂತ ದಪ್ಪಗೆ ಹಚ್ಚಿಕೊಂಡು, ಚರ್ಮ, ಮಣ್ಣು, ಹುಲ್ಲು, ಚರ್ಮ, ಮಣ್ಣು, ಹುಲ್ಲು ಎಂದು ದಾರಿಯುದ್ದಕ್ಕೂ ಜಪ ಮಾಡುತ್ತ ಬಂಗಲೆಗೆ ಹೋದೆ. ಪಟೇಲರು ಎಳನೀರಿನೊಂದಿಗೆ ಮೆಟ್ಟಿಲ ಮೇಲಿದ್ದರು. ಮಾತು ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟಿಸಲು ನರಸಿಂಗರಾಯರು ಮೇಜಿನ ಪಕ್ಕದಲ್ಲಿ ನಿಂತಿದ್ದರು. ಸೀಸೆ ಹೇಗಿತ್ತು ಎಂದು ಕೇಳುವುದರ ಬದಲು ದೊರೆ ಅಂಥದ್ದೇ ಇನ್ನೊಂದನ್ನು ತರಿಸಿ, ಎರಡು ಗಾಜಿನ ಲೋಟಕ್ಕೆ ಬಗ್ಗಿಸಿ, ಒಂದನ್ನು ನನ್ನ ಕೈಗೇ ಕೊಟ್ಟರು! ಕಿಟಕಿಗಳಲ್ಲಿ ಊರಿನ ತಲೆಗಳೆಲ್ಲ ಒಂದರ ಮೇಲೊಂದು ಕಾಣಿಸುತ್ತಿದ್ದವು. ತುಟಿಗೆ ಸೋಕಿದರೆ ನಾನು ಮನೆ ಸೇರುವ ಮೊದಲೇ ಸುದ್ದಿ ಸೇರುತ್ತದೆ. ಬಣ್ಣ ನೋಡಿದೆ, ತಿರುಗಿಸಿದೆ, ಮೂಗು ಬಿಟ್ಟೆ. ದೊರೆ ಮೆಚ್ಚಿ ತಲೆದೂಗಿದರು. ಆಮೇಲೆ ನಾನು ತಲೆ ಹಿಂದಕ್ಕೆ ಚೆಲ್ಲಿ, ಲೋಟವನ್ನು ಮೊಳದೆತ್ತರಕ್ಕೆ ಎತ್ತಿ ಧಾರೆ ಬಿಟ್ಟೆ.

ದೊರೆ ಬಾಯಿ ತೆರೆದುಕೊಂಡು ನೋಡಿದರು. ರಾಯರು ಏನೋ ಇಂಗ್ಲೀಷಿನಲ್ಲಿ ಹೇಳಿದರು. ದೊರೆಗೆ ಹುರುಪು ಬಂತು. ತಾವೂ ತಲೆ ಹಿಂದಕ್ಕೆ ಚೆಲ್ಲಿ ಲೋಟ ಎತ್ತಿದರು. ಈ ವಿದ್ಯೆ ತೊಟ್ಟಿಲಿನಿಂದ ಬರಬೇಕು. ಅರ್ಧ ಮೂಗಿಗೆ, ಅರ್ಧ ಮೀಸೆಗೆ, ಮಿಕ್ಕದ್ದು ಬೆಳ್ಳಗಿನ ಅಂಗಿಯ ಮೇಲೆ ಇಳಿಯಿತು. ಕೆಮ್ಮಿ ಕೆಮ್ಮಿ ಮುಖವೂ ವೈನಿನ ಬಣ್ಣಕ್ಕೆ ತಿರುಗಿತು. ಕಿಟಕಿಯ ತಲೆಗಳು ಮಾಯವಾದವು. ಪಟೇಲರು ಮೆಟ್ಟಿಲ ಮೇಲೆ ಖುಷಿಯನ್ನು ತಡೆದುಕೊಳ್ಳಲಾರದೆ ಎಳನೀರಿಗೆ ಮುಖ ಮುಚ್ಚಿಕೊಂಡರು. ನನ್ನ ತೋಟ ಹೋಯಿತು ಎಂದುಕೊಂಡೆ.  ಅಂಥ ಹೊತ್ತಿನಲ್ಲಿ ದೊರೆ ಮುಖ ಒರೆಸಿಕೊಂಡು, "ರುಚಿ ಹೇಗೆ?" ಎಂದು ಕೇಳಿದರು. ಚರ್ಮವೂ ನೆನಪಾಗಲಿಲ್ಲ, ಮಣ್ಣೂ ನೆನಪಾಗಲಿಲ್ಲ. ಗಾಬರಿಯಲ್ಲಿ ಇದ್ದದ್ದು ಇದ್ದ ಹಾಗೇ ಹೊರಬಿತ್ತು: "ನಮ್ಮವ್ವ ಭೇದಿಗೆ ಕುಡಿಸ್ತಿದ್ದ ಸಿಪ್ಪೆ ಕಷಾಯ ಇದ್ದಂಗೈತೆ ಬುದ್ಧಿ."

ರಾಯರು ಒಂದು ಸಲ ನನ್ನನ್ನು ನೋಡಿದರು, ಒಂದು ಸಲ ಸೂರನ್ನು ನೋಡಿದರು. ಆಮೇಲೆ ಬಹಳ ಮೃದುವಾಗಿ ಏನೋ ಹೇಳಿದರು.  ನೋಡುತ್ತಿದ್ದಂತೆ ದೊರೆಯ ಕಣ್ಣಲ್ಲಿ ನೀರಾಡಿತು. ಎದ್ದು ಬಂದು ನನ್ನ ಎರಡು ಕೈಗಳನ್ನೂ ಹಿಡಿದು ಅಲ್ಲಾಡಿಸಿದರು. ಏನು ಹೇಳಿದಿರಿ ಎಂದು ಆಮೇಲೆ ರಾಯರನ್ನು ಕೇಳಿದ್ದಕ್ಕೆ, "ಇದನ್ನು ಕುಡಿದರೆ ತೀರಿಹೋದ ತಾಯಿಯ ಕೈ ನೆನಪಾಗುತ್ತದಂತೆ ಅಂದೆ. ಸುಳ್ಳೇನ್ರೀ?" ಎಂದರು.

ಆ ಸಂತೋಷದಲ್ಲಿ ದೊರೆ ನಕ್ಷೆಯನ್ನೇ ಮೇಜಿನ ಮೇಲೆ ಬಿಡಿಸಿ, ಕಾಲುವೆಯ ದಾರಿಯನ್ನು ಬೆರಳಿನಿಂದ ತೋರಿಸಿದರು. ಬೆರಳು ಕೆಳಗಡೆಯಿಂದ ಹೊರಟು ಪಟೇಲರ ತೋಟದೊಳಗೆ ಹೋಯಿತು. ನೀರು ಏರು ಹತ್ತುವುದಿಲ್ಲವಂತೆ. ನನ್ನ ತೋಟ ಎತ್ತರದಲ್ಲಿದೆಯಂತೆ. ನಾನು ಮೊದಲನೇ ಬುಟ್ಟಿ ಹೊರುವುದಕ್ಕೂ ಮೊದಲೇ ಆ ಗೆರೆ ಎಳೆದಾಗಿತ್ತಂತೆ. ದಾಳಿಂಬೆಗೂ ಎಳನೀರಿಗೂ ಸುಳ್ಳಿಗೂ ನಿಜಕ್ಕೂ ಅದರಲ್ಲಿ ಏನೇನೂ ಕೆಲಸವಿರಲಿಲ್ಲ. ಇದು ರಾಯರಿಗೆ ಗೊತ್ತಿರಲಿಲ್ಲವೇ ಎಂದು ನಾನು ಅವರ ಮುಖ ನೋಡಿದೆ. ರಾಯರು ಈ ವರ್ಷದ ದಾಳಿಂಬೆ ಬಹಳ ಸಿಹಿಯಾಗಿತ್ತು ಎಂದರು. ನನ್ನ ಮುಖ ಬಾಡಿದ್ದನ್ನು ಕಂಡು ದೊರೆ ಬೆನ್ನು ತಟ್ಟಿ, ವೈನನ್ನು ಇಷ್ಟು ಚೆನ್ನಾಗಿ ಅರಿತವನನ್ನು ಈ ಸೀಮೆಯಲ್ಲೇ ಕಂಡಿಲ್ಲ, ಇನ್ನು ಪ್ರತಿ ವರ್ಷ ಒಂದು ಪೆಟ್ಟಿಗೆ ತುಂಬ ಕಳಿಸುತ್ತೇನೆ ಎಂದು ಮಾತು ಕೊಟ್ಟರು. ಪಟೇಲರಿಗೆ ಕಾಲುವೆ, ನನಗೆ ಪೆಟ್ಟಿಗೆ.

ದೊರೆ ಮಾತು ತಪ್ಪುವ ಜಾತಿಯಲ್ಲ. ಮಾತು ತಪ್ಪುವವರ ಮಧ್ಯೆ ಬೆಳೆದ ನನಗೆ ಇದು ಹೊಸ ತೊಂದರೆ. ಕೆಳಗೆ ಪಟೇಲರ ಕಾಲುವೆಯಲ್ಲಿ ನೀರು ಜುಳುಜುಳು ಎನ್ನತೊಡಗಿದ ಹೊತ್ತಿಗೆ ಸರಿಯಾಗಿ ನಮ್ಮ ಮನೆ ಮುಂದೆ ಗಾಡಿ ನಿಂತು ಪೆಟ್ಟಿಗೆ ಇಳಿಯಿತು. ಗೌರಮ್ಮ ಅದನ್ನು ನೋಡಿದಳು, ನನ್ನನ್ನು ನೋಡಿದಳು, ಬೇಲಿಯಾಚೆ ಬಾಡಿದ ಗಿಡಗಳನ್ನು ನೋಡಿದಳು. "ನೀರಂತೂ ತರ್ಲಿಲ್ಲ. ಇದನ್ನಾದ್ರೂ ಗಿಡಕ್ಕೆ ಹುಯ್ರಿ" ಎಂದಳು. ಅದರಲ್ಲಿ ತಪ್ಪೇನೂ ಕಾಣಲಿಲ್ಲ. ತೋಟದ ಕೆಳ ಅಂಚಿಗೆ ಹೋಗಿ, ಮೊದಲನೇ ಗಿಡದ ಬುಡದಲ್ಲಿ ಕೂತು, ಸೀಸೆಯೊಂದನ್ನು ಬಗ್ಗಿಸಿದೆ. ಕೆಳಗಿನಿಂದ ಯಾರೋ ಕೊಲೆಯಾಗುತ್ತಿರುವಂತೆ ಕೂಗಿಕೊಂಡರು.

"ಅಯ್ಯಯ್ಯೋ! ಏನ್ ಅನ್ಯಾಯ ಮಾಡ್ತಿದ್ದೀರಾ ರುದ್ರಪ್ಪನೋರೇ! ನಿಲ್ಸಿ, ನಿಲ್ಸಿ!" ಪಟೇಲರು ಕಚ್ಚೆ ಎತ್ತಿಕಟ್ಟಿಕೊಂಡು ದಿಬ್ಬ ಹತ್ತಿ ಓಡಿ ಬಂದರು. ಸೀಸೆಯನ್ನು ನನ್ನ ಕೈಯಿಂದ ಕಿತ್ತುಕೊಂಡು ಎದೆಗವಚಿಕೊಂಡರು. ಏದುಸಿರು ಬಿಡುತ್ತ ಗಿಡದ ಬುಡದ ಒದ್ದೆ ಮಣ್ಣನ್ನು ನೋಡಿದರು. ಹೆಣ ನೋಡುವಂತೆ ನೋಡಿದರು.

"ನೀವು ಕುಡೀತೀರಾ ಗೌಡ್ರೇ?" ಎಂದೆ.

"ಕುಡೀದೆ? ನಮ್ಮ ಮುದ್ಕಿಗೆ ಮಾತ್ರ ಯೋಳ್ಬ್ಯಾಡಿ. ನೋಡಿ, ಒಂದ್ ಮಾತು. ಕಾಲ್ವೆ ದಡಕ್ಕೆ ಒಂದು ಏತ ಹಾಕ್ಕಳಿ. ನೀರು ಎತ್ಕಳಿ. ನಾನು ಕೇಳಾಕಿಲ್ಲ, ನೀರುಗಂಟಿನೂ ಕೇಳದಂಗೆ ನೋಡ್ಕಂತೀನಿ. ಅದ್ಕೆ ಬದ್ಲು..." ಎಂದು ಸೀಸೆಯನ್ನು ಕಣ್ಣಲ್ಲೇ ತೋರಿಸಿದರು.

ಅಲ್ಲಿಂದ ನಾನು ಬದುಕಿದೆ ಎಂದೇ ಹೇಳಬೇಕು. ಏತ ಏರಿತು, ಇಳಿಯಿತು. ದಾಳಿಂಬೆ ಮತ್ತೆ ಹೂಬಿಟ್ಟಿತು. ದೊರೆಗೆ ವರ್ಷ ವರ್ಷ ರುಚಿಯ ವರದಿ ಒಪ್ಪಿಸಬೇಕಾದಾಗ ನಾನು ಹಿಂದಿನ ದಿನವೇ ಪಟೇಲರ ತೋಟಕ್ಕೆ ಹೋಗಿ ಕೇಳಿಕೊಂಡು ಬರುತ್ತಿದ್ದೆ. "ಈ ಸಲದ್ದು ವಸಿ ತೀಕ್ಷ್ಣ ಕಣ್ರೀ, ಆದ್ರೆ ಹಿಂದ್ಗಡೆ ಒಂಥರಾ ಸೀ ಬತ್ತದೆ" ಎನ್ನುತ್ತಿದ್ದರು. ಬುಡನ್ ಸಾಬರು ಕಲಿಸಿದಂತೆ ಕಣ್ಣು ಮುಚ್ಚಿ ಅದನ್ನೇ ನಾನು ಒಪ್ಪಿಸುತ್ತಿದ್ದೆ. ಕೀರ್ತಿ ಹಬ್ಬಿತು. ಕೊರಟಗೆರೆಯಿಂದಲೂ ಪಾವಗಡದಿಂದಲೂ ದೊಡ್ಡ ಅಧಿಕಾರಿಗಳ ಔತಣವಿದ್ದರೆ ಸೀಸೆಯನ್ನು ಮೊದಲು ನನ್ನ ಮೂಗಿಗೆ ತೋರಿಸಿಕೊಂಡು ಹೋಗುತ್ತಿದ್ದರು. ಗೌರಮ್ಮ ಸೋಮವಾರ ಸೋಮವಾರ ದೇವರಿಗೆ ತುಪ್ಪದ ದೀಪ ಹಚ್ಚಿ, ದೊರೆಗೆ ವರ್ಗವಾಗದಿರಲಿ, ಪಟೇಲರಿಗೆ ಆಯಸ್ಸು ಗಟ್ಟಿಯಿರಲಿ ಎಂದು ಬೇಡಿಕೊಳ್ಳುತ್ತಿದ್ದಳು. ದೇವರು ಎರಡನ್ನೂ ನಡೆಸಿಕೊಟ್ಟ. ಮೂರನೆಯದನ್ನು ಬೇಡಿಕೊಳ್ಳಲು ಅವಳಿಗೆ ಹೊಳೆದಿರಲಿಲ್ಲ.

ಈಚೆಗೆ ಕೊರಟಗೆರೆಯಲ್ಲಿ ಪಾನನಿರೋಧದ ಸಭೆಯೊಂದು ನಡೆಯಿತು. ಪಟೇಲರು ಎತ್ತು ಕೊಳ್ಳಲು ಹೋದವರು ನೆರಳಿದೆಯಲ್ಲಾ ಎಂದು ಅಲ್ಲಿ ಕೂತರು. ಭಾಷಣ ಮಾಡಿದ ಪುಣ್ಯಾತ್ಮ ಯಾರೋ ತಿಳಿಯದು, ಅವನ ಬಾಯಿಗೆ ಹುಳ ಬೀಳಲಿ! ಪಟೇಲರು ಅಲ್ಲೇ ಅತ್ತುಬಿಟ್ಟರಂತೆ, ಇನ್ನು ಮುಟ್ಟುವುದಿಲ್ಲ ಎಂದು ಎದ್ದು ನಿಂತು ಹೇಳಿದರಂತೆ. ಊರಿಗೆ ಬಂದವರು ನನ್ನನ್ನು ಕಂಡು, "ನನ್ ಕಣ್ ತೆರೀತು ರುದ್ರಪ್ಪನೋರೇ. ನಿಮ್ಮಂಗೆ ಶುದ್ಧವಾಗಿರ್ತೀನಿ" ಎಂದರು. ಮಾರನೆಯ ದಿನವೇ ಕಾಲುವೆ ಕಾಯುವ ನೀರುಗಂಟಿ ಬಂದು, ಸರ್ಕಾರದ ನೀರನ್ನು ಏತದಲ್ಲಿ ಎತ್ತುವುದು ಅಪರಾಧ ಎಂದು ನನಗೆ ತಿಳಿಸಿ ಹೋದ. ಇಷ್ಟು ವರ್ಷ ಅದು ಅಪರಾಧವೆಂದು ಅವನಿಗೂ ಯಾರೂ ಹೇಳಿರಲಿಲ್ಲವೆಂದು ಕಾಣುತ್ತದೆ.

ಆದ್ದರಿಂದ ಈಗ ನಾನು ದಿನಾ ಸಂಜೆ ಪಂಚೆಯೊಳಗೆ ಒಂದು ಸೀಸೆ ಮುಚ್ಚಿಟ್ಟುಕೊಂಡು ಪಟೇಲರ ಜಗಲಿಗೆ ಹೋಗುತ್ತೇನೆ. ಗೌರಮ್ಮ ಕೋಡುಬಳೆ ಕರಿದು ಕಟ್ಟಿಕೊಡುತ್ತಾಳೆ. "ಖಾರ ಒಂದಿಷ್ಟು ಜಾಸ್ತಿ ಹಾಕಿವ್ನಿ. ಬಾಯಾರ್ಲಿ" ಎನ್ನುತ್ತಾಳೆ. ಪಟೇಲರು ಕೋಡುಬಳೆಯನ್ನು ಸಂತೋಷವಾಗಿ ತಿನ್ನುತ್ತಾರೆ. ಹಾ ಹಾ ಎಂದು ಖಾರಕ್ಕೆ ಬಾಯಿ ಬಿಡುತ್ತಾರೆ. ನಾನು ಪಂಚೆಯೊಳಗೆ ಕೈ ಹಾಕುವಷ್ಟರಲ್ಲಿ ಒಳಗಿನಿಂದ ಒಂದು ದೊಡ್ಡ ಚೊಂಬು ತರಿಸಿಕೊಂಡು, ಕಾಲುವೆಯ ಆ ತಣ್ಣನೆಯ ನೀರನ್ನು ನನ್ನ ಕಣ್ಣೆದುರಿಗೇ ಗಟಗಟ ಕುಡಿಯುತ್ತಾರೆ. ನಿನ್ನೆಯಂತೂ ನನಗೆ ತಡೆಯಲಾಗಲಿಲ್ಲ. ಹಣೆಯ ತುಂಬ ವಿಭೂತಿ ಬಳಿದುಕೊಂಡ ಶಿವಭಕ್ತ ನಾನು ಅವರ ಕೈಯಿಂದ ಚೊಂಬನ್ನು ಕಿತ್ತುಕೊಂಡು, ಹೆಚ್ಚುಕಡಿಮೆ ಅಳುವ ದನಿಯಲ್ಲಿ ಹೇಳಿದೆ:

"ಬ್ಯಾಡಿ ಗೌಡ್ರೇ, ನಿಮ್ಮ ದಮ್ಮಯ್ಯ. ಈ ವಯಸ್ಸಲ್ಲಿ ಬರೀ ನೀರು ಮೈಗೆ ಒಳ್ಳೇದಲ್ಲ."